ಇಂಗ್ಲೆಂಡಿಗೆ ಹೋಗುದಾ ಬೇಡ್ವಾ ಅಂತ ದೇವರ ಹತ್ರ ಕೇಳಿದ್ದು

ನಮ್ಮ ಕ್ರೈಸ್ತ ಸಭೆಯಲ್ಲಿ ಯಾರಿಗಾದ್ರೂ ಒಂದು ದೊಡ್ಡ ವಿಷಯ ಬಂದ್ರೆ, ಮದುವೆ ಇರ್ಲಿ ಕೆಲಸ ಇರ್ಲಿ ಜಾಗ ತೆಗೊಳ್ಳುದಿರ್ಲಿ, ಎಲ್ರೂ ಹೇಳುವ ಮಾತು ಒಂದೇ, "ದೇವರ ಚಿತ್ತ ಎಂತ ಅಂತ ಪ್ರಾರ್ಥನೆ ಮಾಡಿ ನೋಡು." ಮಾತು ಸರಿಯೇ. ಆದ್ರೆ ಪ್ರಾರ್ಥನೆ ಮಾಡಿ ಎದ್ದ ಮೇಲೆ ಎಂತ ಆಗ್ಬೇಕು, ಉತ್ತರ ಬಂತು ಅಂತ ಹೇಗೆ ಗೊತ್ತಾಗುದು, ಬಾರದಿದ್ರೆ ನಾಳೆ ಬೆಳಿಗ್ಗೆ ಎದ್ದು ಎಂತ ಮಾಡುದು, ಇದನ್ನು ಬಿಡಿಸಿ ಹೇಳುವವರು ಕಮ್ಮಿ. ನನಗೆ ಇದೆಲ್ಲ ಸ್ವಲ್ಪವಾದ್ರೂ ಅರ್ಥ ಆದದ್ದು ಇಂಗ್ಲೆಂಡಿಗೆ ಹೋಗುವ ವಿಷಯ ಬಂದಾಗ. ಅದನ್ನು ಆದ ಹಾಗೆಯೇ ಬರೀತೇನೆ, ಇದೇ ಪ್ರಶ್ನೆ ಇಟ್ಕೊಂಡು ರಾತ್ರಿ ನಿದ್ದೆ ಬಾರದವರು ಯಾರಾದ್ರೂ ಇದ್ರೆ ಓದ್ಲಿ ಅಂತ.

ನಾನು ನರ್ಸ್. ಮಂಗಳೂರಲ್ಲಿ ಒಂದು ಪ್ರೈವೇಟ್ ಆಸ್ಪತ್ರೆಯ ಮೆಡಿಕಲ್ ವಾರ್ಡಲ್ಲಿ ಕೆಲಸ. ಕೊರೊನಾ ಎಲ್ಲ ತಣ್ಣಗಾಗಿ 2022 ಬರುವಷ್ಟರಲ್ಲಿ ನನ್ನೊಟ್ಟಿಗೆ ಕಲಿತವರಲ್ಲಿ ಹೆಚ್ಚಿನವರು ಹೊರಗೆ ಹೋಗಿ ಆಗಿತ್ತು, ಕೆಲವರು ಸೌದಿಗೆ, ಕೆಲವರು ಐರ್ಲೆಂಡಿಗೆ, ಜಾಸ್ತಿ ಜನ ಇಂಗ್ಲೆಂಡಿಗೆ. ನಮಗೆ ಮನೆ ಸಾಲ ಉಂಟು, ಮಕ್ಕಳ ಫೀಸು ಉಂಟು, ಇವರಿಗೆ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಇಬ್ಬರ ಸಂಬಳ ಸೇರಿಸಿದ್ರೂ ತಿಂಗಳ ಕೊನೆಗೆ ಎಳೆದಾಡುವ ಪರಿಸ್ಥಿತಿ. ಹಾಗಿರುವಾಗ ವಾರ್ಡಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇಲ್ಲ, ಒಇಟಿ ಬರೆದಾಯ್ತಾ, ಸಿಬಿಟಿ ಡೇಟ್ ಸಿಕ್ತಾ, ಯಾವ ಏಜೆನ್ಸಿ, ಅಷ್ಟೇ.

ಗೊತ್ತಿಲ್ಲದವರಿಗೆ ಹೇಳ್ತೇನೆ. ಇಂಗ್ಲೆಂಡಲ್ಲಿ ನರ್ಸ್ ಆಗ್ಬೇಕಾದ್ರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಯಲ್ಲಿ ರಿಜಿಸ್ಟರ್ ಆಗ್ಬೇಕು. ಅದಕ್ಕೆ ಮೊದಲು ಇಂಗ್ಲಿಷ್ ಪರೀಕ್ಷೆ, ನಾವು ಬರೆಯುದು ಒಇಟಿ. ಒಇಟಿಯಲ್ಲಿ ಕೇಳುದು, ಓದುದು, ಮಾತಾಡುದು ಈ ಮೂರರಲ್ಲಿ ಬಿ ಗ್ರೇಡ್ ಬೇಕು, ಬರೆಯುದರಲ್ಲಿ ಸಿ ಪ್ಲಸ್ ಆದ್ರೆ ಸಾಕು. ಬರೆಯುದು ಅಂದ್ರೆ ಒಬ್ಬ ರೋಗಿಯ ಕೇಸ್ ನೋಟ್ಸ್ ಕೊಡ್ತಾರೆ, 5 ನಿಮಿಷ ಓದಿ 40 ನಿಮಿಷದಲ್ಲಿ ಇನ್ನೊಬ್ಬ ಡಾಕ್ಟರಿಗೋ ನರ್ಸಿಗೋ ಲೆಟರ್ ಬರೀಬೇಕು. ಆಮೇಲೆ ಸಿಬಿಟಿ, ಅಂದ್ರೆ ಕಂಪ್ಯೂಟರಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ, ಮೊದಲ ಭಾಗ ಡೋಸ್ ಲೆಕ್ಕ ಹಾಕುವ 15 ಪ್ರಶ್ನೆ, ಎರಡನೇ ಭಾಗ 100 ಪ್ರಶ್ನೆ. ನಮ್ಮ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಿಂದ ವೆರಿಫಿಕೇಶನ್ ಹೋಗ್ಬೇಕು, ಕೆಲಸ ಮಾಡಿದ ಕಡೆಯಿಂದ ರೆಫರೆನ್ಸ್ ಬೇಕು. ಎಲ್ಲ ಮುಗಿದು ಅಲ್ಲಿಗೆ ಹೋದ ಮೇಲೆ ಒಸ್ಕಿ ಅಂತ ಪ್ರಾಕ್ಟಿಕಲ್ ಪರೀಕ್ಷೆ ಬೇರೆ. ಒಇಟಿ ರಿಸಲ್ಟ್ 2 ವರ್ಷಕ್ಕೆ ಮಾತ್ರ ನಡೀತದೆ. ಅಂದ್ರೆ ಕೈಯಲ್ಲಿ ಪಾಸಾದ ಕಾಗದ ಇದ್ದವರ ತಲೆ ಮೇಲೆ ಯಾವಾಗ್ಲೂ ಒಂದು ತಾರೀಕು ಇರ್ತದೆ.

ನಾನು ಓದ್ಲಿಕ್ಕೆ ಶುರು ಮಾಡಿದ ವರ್ಷವೇ ಅತ್ತೆಗೆ ಕೈ ನಡುಗುದು ಶುರುವಾಯ್ತು. ಮೊದಲು ವಯಸ್ಸಿನದ್ದು ಅಂತ ಇದ್ದೆವು, ಕಡೆಗೆ ನ್ಯೂರಾಲಜಿಸ್ಟ್ ಪಾರ್ಕಿನ್ಸನ್ ಅಂತ ಹೇಳಿದ್ರು. ಈ ಕಾಯಿಲೆಯಲ್ಲಿ ಲೆವೊಡೋಪಾ ಮಾತ್ರೆ ಗಂಟೆಗೆ ಸರಿಯಾಗಿ ಹೋಗ್ಬೇಕು, ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಟ್ರೆ ಒಳ್ಳೆದು, ಯಾಕಂದ್ರೆ ಮೀನು, ಮೊಟ್ಟೆ, ಬೇಳೆ ಇದರಲ್ಲಿರುವ ಪ್ರೋಟೀನ್ ಅದನ್ನು ಸರಿಯಾಗಿ ರಕ್ತಕ್ಕೆ ಹತ್ತಲಿಕ್ಕೆ ಬಿಡುದಿಲ್ಲ. ಸ್ವಲ್ಪ ತಡ ಆದ್ರೂ ಅವರು ಕುರ್ಚಿಯಿಂದ ಏಳ್ಲಿಕ್ಕಾಗದೆ ಹಾಗೇ ಕೂತಿರ್ತಾರೆ. ಒಂದು ಕಡೆ ಇಂಗ್ಲೆಂಡಿನ ದಾರಿ, ಇನ್ನೊಂದು ಕಡೆ ಅತ್ತೆಯ ಮಾತ್ರೆ ಡಬ್ಬಿ. ಎರಡೂ ಒಟ್ಟಿಗೇ ನನ್ನ ಮುಂದೆ ಬಂತು, ಇದಕ್ಕೇ ನಾನು ದೇವರ ಹತ್ರ ಗಟ್ಟಿ ಹಿಡಿದು ಕೇಳ್ಲಿಕ್ಕೆ ಶುರು ಮಾಡಿದ್ದು.

ಎಲ್ರ ಹಾಗೆ ನಾನೂ ಮೊದಲು ಕೇಳಿದ್ದು ಗುರುತು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ವಾಗ್ದಾನದ ಕಾರ್ಡ್ ತೆಗೀತಾರಲ್ವಾ, ಹೊಸ ವರ್ಷಕ್ಕೆ ಒಂದೊಂದು ವಚನ. ಆ ವರ್ಷ ನನ್ನ ಕೈಗೆ ಬಂದದ್ದು ಯೆಶಾಯ 43, "ನೀನು ಜಲರಾಶಿಯನ್ನು ಹಾದುಹೋಗುವಾಗ ನಾನು ನಿನ್ನ ಸಂಗಡ ಇರುವೆನು." ಪಕ್ಕದಲ್ಲಿ ಇದ್ದ ಅಕ್ಕನೊಬ್ಬರು ನೋಡಿದ ಕೂಡ್ಲೇ ನನ್ನ ಕೈ ಹಿಡ್ಕೊಂಡು, "ನೋಡು, ಸಮುದ್ರ ದಾಟ್ಲಿಕ್ಕೆ ಹೇಳಿದ್ದು, ಇನ್ನೆಂತ ಬೇಕು" ಅಂದ್ರು, ಅವರಿಗೆ ನಿಜವಾಗಿ ಸಂತೋಷ ಆಗಿತ್ತು. ನಮ್ಮ ಅತ್ತೆಗೆ ಅದೇ ರಾತ್ರಿ ಬಂದದ್ದು ಮೂರು ಅಧ್ಯಾಯ ಆಚೆ, ಯೆಶಾಯ 46, ಮುಪ್ಪಿನ ತನಕ ಹೊತ್ತುಕೊಳ್ತೇನೆ ಅಂತ ದೇವರು ಹೇಳುವ ವಚನ. ಒಂದೇ ಮನೆಗೆ ಬಂದ ಎರಡು ಕಾರ್ಡು. ಒಂದು ಹೋಗು ಅಂತ, ಒಂದು ಇರು ಅಂತ ಓದ್ಬಹುದು. ಮನೆಗೆ ಬಂದು ಎರಡನ್ನೂ ಮೇಜಿನ ಮೇಲೆ ಇಟ್ಟು ತುಂಬ ಹೊತ್ತು ನೋಡಿದೆ. ಎರಡರಲ್ಲೂ ದೇವರು ಹೇಳಿದ್ದು ನಾನು ನಿನ್ನೊಟ್ಟಿಗೆ ಇರ್ತೇನೆ ಅಂತ, ಎಲ್ಲಿಗೆ ಹೋಗು ಎಲ್ಲಿ ಇರು ಅಂತ ಎರಡರಲ್ಲೂ ಇಲ್ಲ. ಅದನ್ನು ನಾವು ಸೇರಿಸಿ ಓದಿದ್ದು.

ಈ ಕಾರ್ಡಿನ ಬಗ್ಗೆ ನನಗೆ ತಾತ್ಸಾರ ಇಲ್ಲ. ಇದೇ ಜಾತಿಯ ಒಂದು ಹಳೇ ಪದ್ಧತಿ ಜರ್ಮನಿಯ ಹೆರ್ನ್‌ಹೂಟ್ ಅನ್ನುವ ಊರಲ್ಲಿ ಉಂಟು, ಮೊರಾವಿಯನ್ ಸಭೆಯವರದ್ದು. 1731ರಿಂದ ಪ್ರತಿ ವರ್ಷ ಪುಸ್ತಕ ಪ್ರಿಂಟ್ ಮಾಡ್ತಾರೆ, ದಿನಕ್ಕೊಂದು ಹಳೇ ಒಡಂಬಡಿಕೆಯ ವಚನ, ಅದನ್ನು ಚೀಟಿ ಎತ್ತಿಯೇ ಆರಿಸುದು. ಹಿಂದಿನ ಕಾಲದಲ್ಲಿ ಅದೇ ಸಭೆಯವರು ಮದುವೆ ಯಾರಿಗೆ ಯಾರು, ಮಿಷನ್ ಕೆಲಸಕ್ಕೆ ಯಾರು ಹೋಗುದು, ಇದನ್ನೂ ಚೀಟಿ ಎತ್ತಿ ತೀರ್ಮಾನ ಮಾಡ್ತಿದ್ರು. ಹೋಗ್ತಾ ಹೋಗ್ತಾ ಮದುವೆಗೆ ಚೀಟಿ ಎತ್ತುದು ಬಿಟ್ಟರು, ದಿನದ ವಚನ ಮಾತ್ರ ಇವತ್ತಿಗೂ ಉಂಟು. ಇದರಲ್ಲಿ ನನಗೆ ದೊಡ್ಡ ವಿವೇಕ ಕಾಣ್ತದೆ. ವಚನ ಧೈರ್ಯಕ್ಕೆ ಇರ್ಲಿ, ತೀರ್ಮಾನವನ್ನು ಅದರ ತಲೆಗೆ ಕಟ್ಟುದು ಬೇಡ ಅಂತ ಅವರು ಅನುಭವದಿಂದಲೇ ಕಲಿತದ್ದು ಅಂತ ನನ್ನ ಅನಿಸಿಕೆ. ಸತ್ಯವೇದದಲ್ಲೂ ನೋಡಿ, ಅಪೊಸ್ತಲರ ಕೃತ್ಯಗಳು ಮೊದಲನೇ ಅಧ್ಯಾಯದಲ್ಲಿ ಯೂದನ ಬದಲಿಗೆ ಮತ್ತೀಯನನ್ನು ಚೀಟಿ ಹಾಕಿ ಆರಿಸಿದ್ರು, ಎರಡನೇ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದು ಬಂದ ಮೇಲೆ ಶಿಷ್ಯರು ಚೀಟಿ ಹಾಕಿದ್ದು ಎಲ್ಲೂ ಸಿಗುದಿಲ್ಲ. ಗಿದ್ಯೋನ ಯುದ್ಧಕ್ಕೆ ಹೋಗುವ ಮೊದಲು ಕುರಿ ಉಣ್ಣೆ ಇಟ್ಟು ದೇವರ ಹತ್ರ ಗುರುತು ಕೇಳಿದ್ದನ್ನು ಎಲ್ರೂ ಉದಾಹರಣೆಗೆ ಹೇಳ್ತಾರೆ, ಆದ್ರೆ ದೇವರು ಅವನಿಗೆ ಹೋಗು ಅಂತ ಮೊದಲೇ ಸ್ಪಷ್ಟ ಹೇಳಿ ಆಗಿತ್ತು. ದಾರಿ ಗೊತ್ತಿಲ್ಲದೆ ಕೇಳಿದ್ದಲ್ಲ ಅವನು, ಹೆದರಿಕೆಯಿಂದ ಕೇಳಿದ್ದು. ದೇವರು ಆ ಹೆದರಿಕೆಯನ್ನೂ ತಾಳಿಕೊಂಡ, ಅದು ಆತನ ದಯೆ.

ನಮ್ಮ ಸ್ತ್ರೀಯರ ಕೂಟದಲ್ಲಿ ಒಬ್ರು ರಿಟೈರ್ಡ್ ಟೀಚರ್ ಇದ್ದಾರೆ. ಒಂದು ದಿನ ಕೂಟ ಮುಗಿದ ಮೇಲೆ ಅವರ ಹತ್ರ ಇದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಮಗಾ, ದೇವರು ಇನ್ನೂ ಹೇಳದೆ ಇದ್ದದ್ದನ್ನು ನೀನು ಕೇಳ್ತಾ ಇದ್ದಿ. ಆತ ಆಗ್ಲೇ ಹೇಳಿದ್ದು ಎಷ್ಟೋ ಉಂಟಲ್ವಾ, ಅದನ್ನು ಒಂದು ಪುಸ್ತಕದಲ್ಲಿ ಬರಿ, ದಿನಾ ಬೆಳಿಗ್ಗೆ ಬರಿ, ಇವತ್ತಿನದ್ದು ಮಾತ್ರ" ಅಂದ್ರು. ನನಗೆ ಆಗ ಅದು ಚಿಕ್ಕ ಮಕ್ಕಳಿಗೆ ಹೇಳುವ ಮಾತಿನ ಹಾಗೆ ಕೇಳಿತು, ಆದ್ರೂ ಟೀಚರ್ ಹೇಳಿದ್ದು ಅಂತ ಮಾಡಿದೆ. ಮಾರ್ನಿಂಗ್ ಡ್ಯೂಟಿ ಇದ್ರೆ 5 ಗಂಟೆಗೆ ಎದ್ದು, ನೈಟ್ ಡ್ಯೂಟಿ ಇದ್ರೆ ಸಂಜೆ ಹೊರಡುವ ಮೊದಲು. ನೈಟ್ ಮುಗಿಸಿ ಬಂದು ಸತ್ಯವೇದ ಹಿಡಿದ್ರೆ ಕಣ್ಣೇ ನಿಲ್ಲುದಿಲ್ಲ, ಶಿಫ್ಟ್ ಕೆಲಸ ಮಾಡುವವರಿಗೆ ಇದು ಗೊತ್ತುಂಟು, ಅದಕ್ಕೆ ಸಮಯ ಬದಲಾದ್ರೆ ಬೇಜಾರು ಬೇಡ. ಒಂದು ಭಾಗ ಓದುದು, ಆಮೇಲೆ ಇವತ್ತು ನನಗೆ ಸಂಶಯವೇ ಇಲ್ಲದ ಕೆಲಸ ಯಾವುದು ಅಂತ ಬರೆಯುದು. ಅತ್ತೆಯ 6 ಗಂಟೆ ಮಾತ್ರೆ. ಚಿಕ್ಕಪ್ಪನ ಮಗನಿಂದ ತೆಗೊಂಡ ಹಣದಲ್ಲಿ ಈ ತಿಂಗಳ ಪಾಲು. ವಾರ್ಡಲ್ಲಿ ನಾನು ಮಾತು ಬಿಟ್ಟ ಒಬ್ಬಳ ಹತ್ರ ಮಾತಾಡುದು. ಇವರ ಹತ್ರ ಕೇಳದೆ ಏಜೆನ್ಸಿಗೆ ಹಣ ಕಟ್ಟುದಿಲ್ಲ ಅನ್ನುದು. ಹೀಗೆ.

ಬರೀತಾ ಬರೀತಾ ಒಂದು ವಿಷಯ ನನಗೆ ಕಂಡಿತು. ನಾನು ದೇವರ ಹತ್ರ ಕೇಳ್ತಿದ್ದದ್ದು ಮುಂದಿನ ವರ್ಷಗಳ ಬಗ್ಗೆ, ಆತನಿಂದ ಉತ್ತರ ಬರ್ತಿದ್ದದ್ದು ಅವತ್ತಿನ ದಿನದ ಬಗ್ಗೆ. ಉತ್ತರ ಇಲ್ಲ ಅಂತ ನಾನು ಅಳ್ತಿದ್ದ ಸಮಯದಲ್ಲೆಲ್ಲ ಉತ್ತರ ಇತ್ತು, ನಾನು ಕೇಳಿದ ಪ್ರಶ್ನೆಗಲ್ಲ ಅಷ್ಟೇ. ಆಗ ವಿಮೋಚನಕಾಂಡ 16 ಓದ್ತಾ ಇದ್ದೆ, ಮನ್ನದ ಭಾಗ, ಮರುಭೂಮಿಯಲ್ಲಿ ದೇವರು ದಿನಾ ಕೊಟ್ಟ ಆಹಾರದ್ದು. ಇಸ್ರಾಯೇಲ್ಯರು ಬೆಳಿಗ್ಗೆ ಎದ್ದು ಅವತ್ತಿಗೆ ಬೇಕಾದಷ್ಟು ಕೂಡಿಸ್ಬೇಕು, ನಾಳೆಗೆ ಅಂತ ಇಟ್ಟವರದ್ದು ಹುಳ ಬಿತ್ತು. ನಾನು ಸಣ್ಣದಿರುವಾಗ ಸಂಡೆ ಸ್ಕೂಲಲ್ಲಿ ಇದು ದುರಾಸೆಯ ಪಾಠ ಅಂತ ಕಲಿತದ್ದು. ಈಗ ಓದುವಾಗ ಅನಿಸಿತು, ಇಟ್ಟವರಿಗೆ ಆಸೆಗಿಂತ ಹೆದರಿಕೆ ಜಾಸ್ತಿ ಇದ್ದಿರ್ಬಹುದು, ಮರುಭೂಮಿಯಲ್ಲಿ ಮಕ್ಕಳು ಮರಿ ಕಟ್ಕೊಂಡು ನಾಳೆ ಬೀಳದಿದ್ರೆ ಎಂತ ಗತಿ ಅಂತ. ನನ್ನದೂ ಅದೇ ಹೆದರಿಕೆ. ಶುಕ್ರವಾರಕ್ಕೆ ಎರಡು ಪಾಲು ಕೂಡಿಸ್ಲಿಕ್ಕೆ ದೇವರೇ ಹೇಳಿದ್ದು, ಅದು ಮರುದಿನಕ್ಕೆ ಹಾಳಾಗ್ಲಿಲ್ಲ. ಅಂದ್ರೆ ಮುಂದಾಲೋಚನೆ ಮಾಡ್ಬಾರ್ದು ಅಂತ ಅಲ್ಲ. ಪರೀಕ್ಷೆಗೆ ಓದ್ಬೇಕು, ಹಣ ಕೂಡಿಡ್ಬೇಕು. ಆದ್ರೆ ಹೇಳಿದಷ್ಟನ್ನು ಕೂಡಿಡುದು ಬೇರೆ, ನಂಬಿಕೆ ಸಾಲದೆ ಕೂಡಿಡುದು ಬೇರೆ.

ಆ ಪುಸ್ತಕ ಉಪಯೋಗಕ್ಕೆ ಬಂದದ್ದು ಏಜೆನ್ಸಿಯ ಫಾರ್ಮ್ ತುಂಬುವಾಗ. ಚಿಕ್ಕ ಮಗ ಹುಟ್ಟಿದ ಮೇಲೆ ನಾನು ಸ್ವಲ್ಪ ಕಾಲ ಕೆಲಸ ಬಿಟ್ಟಿದ್ದೆ. ಏಜೆನ್ಸಿಯ ಹುಡುಗ ಫೋನಲ್ಲಿ, "ಸಿಸ್ಟರ್, ಆ ಗ್ಯಾಪ್ ಇದ್ರೆ ಸುಮ್ನೆ ಪ್ರಶ್ನೆ ಕೇಳ್ತಾರೆ, ಒಂದು ನರ್ಸಿಂಗ್ ಹೋಮ್‌ನಿಂದ ಲೆಟರ್ ಮಾಡಿಸಿ ಕೊಡ್ತೇವೆ, ಎಲ್ರೂ ಮಾಡುದೇ" ಅಂದ. ಅವನ ಸ್ವರದಲ್ಲಿ ಕೆಟ್ಟ ಉದ್ದೇಶ ಏನೂ ಇರ್ಲಿಲ್ಲ, ಸಹಾಯ ಮಾಡುವ ಹಾಗೆಯೇ ಹೇಳಿದ್ದು. ಇದಕ್ಕೆ ನಾನು ಉಪವಾಸ ಕೂತು ದೇವರ ಚಿತ್ತ ಕೇಳುವ ಅಗತ್ಯ ಉಂಟಾ? ಇಲ್ಲ. ಸುಳ್ಳು ಸಾಕ್ಷಿ ಹೇಳ್ಬಾರ್ದು ಅಂತ ಸೀನಾಯಿ ಬೆಟ್ಟದಲ್ಲೇ ಹೇಳಿ ಆಗಿದೆ. ಬೇಡ ಅಂತ ಹೇಳಿದೆ, ಇದ್ದದ್ದನ್ನು ಇದ್ದ ಹಾಗೆ ಬರೆದೆ, ಆ ಏಜೆನ್ಸಿಯವರು ನನ್ನ ಫೈಲ್ ಬದಿಗಿಟ್ರು, ಬೇರೆ ಏಜೆನ್ಸಿ ಹುಡುಕುದ್ರಲ್ಲಿ ತಿಂಗಳುಗಟ್ಟಲೆ ಹೋಯ್ತು. ನನ್ನೊಟ್ಟಿಗೆ ಶುರು ಮಾಡಿದವಳು ಅಷ್ಟರಲ್ಲಿ ಲೀಡ್ಸ್‌ಗೆ ಹೋಗಿ ಫೋಟೋ ಹಾಕಿದ್ಳು. ನನಗೆ ನೋವಾಯ್ತು. ಆದ್ರೆ ಆ ನೋವಿನ ಒಳಗೆ ಸಂಶಯ ಇರ್ಲಿಲ್ಲ, ಅದು ನನಗೆ ಹೊಸತು.

ವಾರ್ಡಿನ ಒಂದು ಘಟನೆಯನ್ನೂ ಹೇಳ್ಬೇಕು. ಒಂದು ಬೆಳಿಗ್ಗೆ ಹ್ಯಾಂಡೋವರ್ ತೆಗೊಂಡು ರೌಂಡ್ಸ್ ಮುಗಿಸಿ ಸ್ಟೇಷನ್‌ಗೆ ಬಂದು ಚಾರ್ಟ್ ಬರೀತಾ ಇದ್ದೆ, ಒಬ್ಬ ಅಜ್ಜನನ್ನು ಪುನಃ ಹೋಗಿ ನೋಡು ಅಂತ ಮನಸ್ಸು ಒತ್ತಿ ಒತ್ತಿ ಹೇಳಿತು. ಹೋದೆ. ಅಜ್ಜನಿಗೆ ಬೆವರು, ಮಾತು ತೊದಲುದು, ಶುಗರ್ ನೋಡಿದ್ರೆ 48. ಇನ್ಸುಲಿನ್ ಕೊಟ್ಟಾಗಿತ್ತು, ತಿಂಡಿ ಹಾಗೇ ಮುಚ್ಚಿಟ್ಟಿದ್ರು. ಡೆಕ್ಸ್‌ಟ್ರೋಸ್ ಹೋದ ಮೇಲೆ ಎದ್ದು ಕೂತ್ರು. ಇದನ್ನು ಸಾಕ್ಷಿ ಹೇಳುವಾಗ ಒಬ್ರು ಕೇಳಿದ್ರು, ಅದು ದೇವರ ಸ್ವರವಾ ನಿನ್ನ ಟ್ರೈನಿಂಗಾ ಅಂತ. ರೌಂಡ್ಸಲ್ಲಿ ಆ ತಟ್ಟೆ ನನ್ನ ಕಣ್ಣಿಗೆ ಬಿದ್ದಿರ್ಬೇಕು, ತಲೆ ಅದನ್ನು ಹಿಡ್ಕೊಂಡಿರ್ಬೇಕು. ಆದ್ರೆ ನನ್ನ ಕಣ್ಣು ಯಾರದ್ದು, ನಾನು ಕಲಿತ ಪಾಠ ಯಾರ ದಯದಿಂದ? ದೇವರು ನಡೆಸುದು ಅಂದ್ರೆ ನಮ್ಮ ಬುದ್ಧಿಯನ್ನು ಬದಿಗೆ ತಳ್ಳಿ ಮಾಡುವ ಕೆಲಸ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಜ್ಞಾನೋಕ್ತಿ 3ರಲ್ಲಿ ಸ್ವಬುದ್ಧಿಯನ್ನೇ ಆಧಾರ ಮಾಡ್ಕೊಳ್ಬೇಡ ಅಂತ ಉಂಟು, ಬುದ್ಧಿ ಉಪಯೋಗಿಸ್ಬೇಡ ಅಂತ ಇಲ್ಲ.

ಒಇಟಿ ಬರೀಲಿಕ್ಕೆ ಬೆಂಗಳೂರಿಗೆ ಹೋದೆ, ರಾತ್ರಿ ಬಸ್ಸಲ್ಲಿ ಹೋಗಿ ರಾತ್ರಿ ಬಸ್ಸಲ್ಲಿ ಬಂದೆ. ಪಾಸಾಯ್ತು. ಆಮೇಲೆ ಸಿಬಿಟಿಯೂ ಆಯ್ತು. ಆಗ ಎಲ್ರೂ ಹೇಳಿದ್ದು, ದೇವರು ಬಾಗಿಲು ತೆರೆದ, ಇನ್ನು ಎಂತ ಯೋಚನೆ, ಹೊರಡು. ಈ ಬಾಗಿಲಿನ ಮಾತು ನಮ್ಮಲ್ಲಿ ಎಷ್ಟು ಗಟ್ಟಿ ಅಂದ್ರೆ, ತೆರೆದಿದ್ರೆ ದೇವರ ಚಿತ್ತ, ಮುಚ್ಚಿದ್ರೆ ಅಲ್ಲ, ಅಷ್ಟೇ ಲೆಕ್ಕ. ನಾನೂ ಹಾಗೇ ನಂಬಿದ್ದೆ, 2 ಕೊರಿಂಥ ಎರಡನೇ ಅಧ್ಯಾಯ ಓದುವ ತನಕ. ಅಲ್ಲಿ ಪೌಲ ಬರೀತಾನೆ, ತ್ರೋವ ಅನ್ನುವ ಊರಿಗೆ ಸುವಾರ್ತೆ ಸಾರ್ಲಿಕ್ಕೆ ಬಂದೆ, ಕರ್ತನೇ ಬಾಗಿಲು ತೆರೆದಿದ್ದ, ಆದ್ರೆ ನಂಬಿಕೆಯಲ್ಲಿ ಸಹೋದರನಾದ ತೀತ ಅಲ್ಲಿ ಸಿಗದ ಕಾರಣ ಮನಸ್ಸಿಗೆ ಸಮಾಧಾನ ಇರ್ಲಿಲ್ಲ, ಅವರನ್ನು ಬಿಟ್ಟು ಮಕೆದೋನ್ಯಕ್ಕೆ ಹೊರಟೆ ಅಂತ. ಕರ್ತನೇ ತೆರೆದ ಬಾಗಿಲು! ಅದನ್ನು ಬಿಟ್ಟು ಪೌಲ ಹೋದ, ಒಬ್ಬ ಮನುಷ್ಯನ ಚಿಂತೆಯಿಂದ. ಅವನು ದೇವರ ಮಾತು ಮೀರಿದ ಅಂತ ಎಲ್ಲೂ ಬರೆದಿಲ್ಲ, ಅದರ ಮುಂದಿನ ವಚನವೇ ದೇವರಿಗೆ ಸ್ತೋತ್ರ ಅಂತ ಶುರುವಾಗ್ತದೆ.

ಇದೇ ತ್ರೋವ ಅಪೊಸ್ತಲರ ಕೃತ್ಯಗಳು 16ರಲ್ಲೂ ಬರ್ತದೆ ಅಂತ ಆಮೇಲೆ ಗಮನಕ್ಕೆ ಬಂತು. ಅಲ್ಲಿ ಉಲ್ಟಾ. ಆಸ್ಯ ಸೀಮೆಯಲ್ಲಿ ವಾಕ್ಯ ಹೇಳ್ಬಾರ್ದು ಅಂತ ಆತ್ಮ ತಡೆದ, ಬಿಥೂನ್ಯಕ್ಕೆ ಹೋಗ್ಲಿಕ್ಕೆ ಬಿಡ್ಲಿಲ್ಲ, ಎಲ್ಲ ಕಡೆ ಮುಚ್ಚಿ ಮುಚ್ಚಿ ಕಡೆಗೆ ತ್ರೋವಕ್ಕೆ ಬಂದು ನಿಂತಾಗ ರಾತ್ರಿ ದರ್ಶನ, ಮಕೆದೋನ್ಯದವನು ಬಂದು ಸಹಾಯ ಮಾಡು ಅಂತ ಕರೆದದ್ದು. ಹೋದ್ರು. ಫಿಲಿಪ್ಪಿಯಲ್ಲಿ ನದಿ ತೀರದಲ್ಲಿ ಪ್ರಾರ್ಥನೆಗೆ ಕೂತ ಹೆಂಗಸರು ಸಿಕ್ಕಿದ್ರು, ಲುದ್ಯ ನಂಬಿದ್ಳು. ಅದೇ ಅಧ್ಯಾಯ ಮುಗಿಯುವ ಮೊದಲು ಬಟ್ಟೆ ಹರಿದು ಹೊಡೆದು ಜೈಲಿಗೂ ಹಾಕಿದ್ರು. ಇಷ್ಟು ಸ್ಪಷ್ಟ ನಡೆಸುವಿಕೆ ಸಿಕ್ಕಿದವರಿಗೇ ಬೆನ್ನಿಗೆ ಪೆಟ್ಟು. ಹಾಗಾದ್ರೆ ಕಷ್ಟ ಬಂದ್ರೆ ದಾರಿ ತಪ್ಪಿದೆ ಅಂತ, ಸಲೀಸಾದ್ರೆ ದಾರಿ ಸರಿ ಅಂತ ಹೇಳುದು ಹೇಗೆ? ಒಂದೇ ಊರಲ್ಲಿ ಒಮ್ಮೆ ಬಾಗಿಲುಗಳೆಲ್ಲ ಮುಚ್ಚಿ ಬಂದವನು, ಇನ್ನೊಮ್ಮೆ ಬಾಗಿಲು ತೆರೆದಿದ್ರೂ ಹೊರಟವನು. ಬಾಗಿಲನ್ನು ನೋಡಿ ನಡೆದವನಲ್ಲ ಪೌಲ, ಕರೆದವನನ್ನು ನೋಡಿ ನಡೆದವನು. ಇದನ್ನು ಪಾಸ್ಟರ್ ಹತ್ರ ಹೇಳಿದಾಗ ಅವರು ತುಂಬ ಹೊತ್ತು ಸುಮ್ನಿದ್ದು, "ನಿನಗೆ ತೀತ ಯಾರಮ್ಮಾ?" ಅಂತ ಕೇಳಿದ್ರು. ನನಗೆ ಕೂಡ್ಲೇ ಉತ್ತರ ಬರ್ಲಿಲ್ಲ.

ಮನೆಯಲ್ಲಿ ಮಾತು ಸುಲಭ ಇರ್ಲಿಲ್ಲ. ಇವರಿಗೆ ಹೋಗ್ಬೇಕು ಅಂತಲೇ ಮನಸ್ಸು. "ನೀನು ಮೊದಲು ಹೋಗು, ಅಮ್ಮನನ್ನು ನಾನು ನೋಡ್ಕೊಳ್ತೇನೆ, ಆಮೇಲೆ ಮಕ್ಕಳನ್ನು ಕರ್ಕೊಂಡು ಬರ್ತೇನೆ" ಅಂತ. ಅಮ್ಮನನ್ನು ಆಮೇಲೆ ಯಾರು ನೋಡುದು ಅಂತ ಕೇಳಿದ್ರೆ ಅವರಿಗೂ ಮಾತು ನಿಲ್ತಿತ್ತು. ನಾವು ಒಂದು ಒಪ್ಪಂದ ಮಾಡ್ಕೊಂಡೆವು, ಇಬ್ಬರಿಗೂ ಒಂದೇ ಮನಸ್ಸು ಆಗುವ ತನಕ ಯಾವ ಕಾಗದಕ್ಕೂ ಸೈನ್ ಹಾಕುದಿಲ್ಲ, ಒಬ್ಬರು ಇನ್ನೊಬ್ಬರಿಗೆ "ದೇವರು ನನಗೆ ಹೇಳಿದ್ದಾನೆ" ಅಂತ ಹೇಳಿ ಬಾಯಿ ಮುಚ್ಚಿಸುದಿಲ್ಲ. ಈ ಎರಡನೇದು ತುಂಬ ಮುಖ್ಯ, ಎಷ್ಟೋ ಕ್ರೈಸ್ತ ಮನೆಗಳಲ್ಲಿ ಆ ಒಂದು ಮಾತು ಬಂದ ಮೇಲೆ ಬೇರೆಯವರಿಗೆ ಉಸಿರೆತ್ತುವ ಹಾಗಿಲ್ಲ. ರಾತ್ರಿ ಮನೆ ಪ್ರಾರ್ಥನೆ ಮುಗಿದು ಮಕ್ಕಳು ಮಲಗಿದ ಮೇಲೆ ಇಬ್ಬರೇ ಕೂತು ಪ್ರಾರ್ಥನೆ ಮಾಡ್ತಿದ್ದೆವು. ಕೆಲವು ರಾತ್ರಿ ಪ್ರಾರ್ಥನೆಯೇ ಜಗಳ ಆಗ್ತಿತ್ತು, ದೇವರಿಗೆ ಹೇಳುವ ಹಾಗೆ ಒಬ್ಬರಿಗೊಬ್ಬರು ಹೇಳುದು. ಆದ್ರೂ ಬಿಡ್ಲಿಲ್ಲ.

ಅತ್ತೆಗೆ ಇದೆಲ್ಲ ಗೊತ್ತಾಗುದಿಲ್ಲ ಅಂತ ನಾವು ತಿಳ್ಕೊಂಡಿದ್ದೆವು. ಒಂದು ಮಧ್ಯಾಹ್ನ ತಲೆ ಬಾಚ್ತಾ ಇರುವಾಗ ಅವರು, "ನನ್ನ ಹೆಸರು ಹೇಳಿ ನೀನು ಉಳೀಬೇಡ ಆಯ್ತಾ. ಉಳಿಯುದಾದ್ರೆ ದೇವರು ಹೇಳಿದ್ದಕ್ಕೆ ಉಳಿ, ಹೋಗುದಾದ್ರೂ ಹಾಗೆ. ನಾನು ನಿನಗೆ ನೆಪ ಆಗ್ಲಿಕ್ಕಿಲ್ಲ" ಅಂದ್ರು. ಸ್ವರ ಸಣ್ಣ ಆಗಿತ್ತು ಆಗ್ಲೇ ಅವರದ್ದು, ಆ ಕಾಯಿಲೆಯಲ್ಲಿ ಸ್ವರವೂ ಇಳೀತದೆ, ಬಗ್ಗಿ ಕೇಳ್ಬೇಕಾಯ್ತು. ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಅವರು ಹೇಳಿದ ಮೇಲೆ ನನ್ನ ಪ್ರಾರ್ಥನೆ ಬದಲಾಯ್ತು. ಅಲ್ಲಿ ತನಕ ನಾನು "ಅತ್ತೆಗೆ ಯಾರು ಕರ್ತನೇ" ಅಂತ ಕೇಳ್ತಿದ್ದೆ, ಆಮೇಲೆ "ಅತ್ತೆ ನಿನ್ನ ಕೈಯಲ್ಲಿ ಇದ್ದಾರೆ, ಈಗ ನನ್ನನ್ನು ಎಲ್ಲಿ ಇಡ್ತಿ ಹೇಳು" ಅಂತ ಕೇಳ್ಲಿಕ್ಕೆ ಧೈರ್ಯ ಬಂತು. ಜಾರ್ಜ್ ಮುಲ್ಲರ್ ಅಂತ ಇಂಗ್ಲೆಂಡಿನ ಬ್ರಿಸ್ಟಲಲ್ಲಿ 1836ರಿಂದ ಅನಾಥ ಮಕ್ಕಳನ್ನು ಸಾಕಿದ ದೇವಭಕ್ತರು ಇದ್ರು, ಯಾರ ಹತ್ರವೂ ಕೈ ಚಾಚದೆ ಪ್ರಾರ್ಥನೆಯಿಂದಲೇ ನಡೆಸಿದವರು. ದೇವರ ಚಿತ್ತ ತಿಳಿಯುದ್ರಲ್ಲಿ ಮೊದಲನೇ ಕೆಲಸ ಆ ವಿಷಯದಲ್ಲಿ ನಮ್ಮದೇ ಇಷ್ಟ ಇಲ್ಲದ ಹಾಗೆ ಮನಸ್ಸನ್ನು ತರುದು, ಕಷ್ಟ ಇರುದು ಹೆಚ್ಚಾಗಿ ಅಲ್ಲಿಯೇ, ಅನ್ನುದು ಅವರ ಅನುಭವ. ನನಗೆ ಆ ಜಾಗಕ್ಕೆ ಬರ್ಲಿಕ್ಕೆ ಅತ್ತೆಯ ಮಾತು ಬೇಕಾಯ್ತು.

ಆಮೇಲೆ ಇಂಟರ್ವ್ಯೂ ಆಯ್ತು, ಆನ್‌ಲೈನ್, ಚೆನ್ನಾಗಿಯೇ ಆಯ್ತು. ಲೆಟರ್ ಬರ್ತದೆ ಅಂತ ಹೇಳಿದ್ರು. ಅಷ್ಟೊತ್ತಿಗೆ 2024, ಇಂಗ್ಲೆಂಡಲ್ಲಿ ಹಣದ ತೊಂದರೆಯಿಂದ ಹೊರಗಿನ ನರ್ಸ್‌ಗಳನ್ನು ತೆಗೊಳ್ಳುದು ತುಂಬ ಕಮ್ಮಿ ಆಯ್ತು, ನಮ್ಮ ಬ್ಯಾಚಿನ ಎಷ್ಟೋ ಜನರ ಕಾಗದ ಅರ್ಧ ದಾರಿಯಲ್ಲಿ ನಿಂತಿತು. ನನ್ನದೂ. ಹೋಗು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಸತ್ಯವೇದದ ಅರಣ್ಯಕಾಂಡ 9ರಲ್ಲಿ ಮರುಭೂಮಿಯಲ್ಲಿ ಇಸ್ರಾಯೇಲ್ಯರ ದೇವಗುಡಾರದ ಮೇಲಿನ ಮೇಘದ ವಿಷಯ ಉಂಟು, ಅದು ಎದ್ದರೆ ಹೊರಡುದು, ನಿಂತರೆ ಇರುದು, ಕೆಲವು ಸಲ ಒಂದು ರಾತ್ರಿ ಮಾತ್ರ, ಕೆಲವು ಸಲ ಎರಡು ದಿನ, ತಿಂಗಳು, ವರ್ಷ. ಒಂದು ರಾತ್ರಿಗೂ ಡೇರೆ ಹಾಕ್ಬೇಕು, ಗೂಟ ಹೊಡೀಬೇಕು, ಅಡಿಗೆ ಆಗ್ಬೇಕು. ಎಷ್ಟು ದಿನ ಇಲ್ಲಿ ಅಂತ ಅವರಿಗೆ ಗೊತ್ತಿರ್ಲಿಲ್ಲ, ಆದ್ರೂ ಇದ್ದಷ್ಟು ದಿನ ಅದು ಮನೆಯೇ. ನಾನು ಮಂಗಳೂರಲ್ಲಿ ಇದ್ದೂ ಇಲ್ಲದವಳ ಹಾಗೆ ಬದುಕ್ತಿದ್ದೆ, ಹೇಗೂ ಹೋಗುದಲ್ವಾ ಅಂತ ತರಕಾರಿ ಗಿಡ ಹಾಕ್ಲಿಲ್ಲ, ಮಗಳನ್ನು ಸಂಗೀತ ಕ್ಲಾಸಿಗೆ ಸೇರಿಸ್ಲಿಲ್ಲ. ಅವತ್ತಿನ ಪುಸ್ತಕದಲ್ಲಿ ಬರೆದೆ, ಮಗಳ ಸಂಗೀತ.

ಆ ಕಾಯುವ ಸಮಯದಲ್ಲೇ ಇನ್ನೊಂದು ಕೆಲಸ ಕೈಗೆ ಬಂತು. ಸಭೆಯ ಒಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಗೆ ಬೆನ್ನಲ್ಲಿ ಹುಣ್ಣಾಗಿತ್ತು, ಡ್ರೆಸ್ಸಿಂಗ್ ಮಾಡಿ ಕೊಡ್ತಿಯಾ ಅಂತ ಕೇಳಿದ್ರು. ಹೋದೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸ್ಬೇಕು ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ. ಅಲ್ಲಿಂದ ಇನ್ನೊಂದು ಮನೆ, ಕ್ಯಾಥೆಟರ್ ನೋಡ್ಕೊಳ್ಳುದು, ಮತ್ತೊಂದು ಮನೆ, ಮೂಗಿನ ನಳಿಗೆಯಲ್ಲಿ ಊಟ ಕೊಡುದು. ಮಕ್ಕಳು ವಿದೇಶದಲ್ಲಿ, ವಯಸ್ಸಾದವರು ಇಲ್ಲಿ, ನಮ್ಮ ಊರಲ್ಲಿ ಅಂಥ ಮನೆ ಎಷ್ಟು ಉಂಟು ಅಂತ ನಮಗೆಲ್ಲ ಗೊತ್ತಿದ್ದದ್ದೇ. ಪಾಸ್ಟರ್ ಒಂದು ದಿನ, ಮನೆಯಲ್ಲಿ ರೋಗಿ ಇರುವ ಹೆಂಗಸರಿಗೆ ಶನಿವಾರ ಸಭೆಯ ಹಾಲಲ್ಲಿ ಕಲಿಸಿಕೊಡು ಅಂದ್ರು. ಕಲಿಸಿದೆ. ಮಗ್ಗಲು ಹಾಕುದು, ಬಾಯಿ ಸ್ವಚ್ಛ ಮಾಡುದು, ನುಂಗ್ಲಿಕ್ಕೆ ಕಷ್ಟ ಇದ್ರೆ ತಲೆ ಹೇಗೆ ಇಡುದು. ಒಇಟಿಗೆ ಅಂತ ನಾನು ಕಲಿತದ್ದು, ರೋಗಿಗೆ ಭಯ ಆಗದ ಹಾಗೆ ಸಣ್ಣ ಸಣ್ಣ ಮಾತಲ್ಲಿ ಹೇಳುದು, ಅರ್ಥ ಆಯ್ತಾ ಅಂತ ತಿರುಗಿ ಕೇಳುದು, ಅದೇ ಇಲ್ಲಿ ಕನ್ನಡದಲ್ಲಿ ತುಳುವಿನಲ್ಲಿ ಉಪಯೋಗಕ್ಕೆ ಬಂತು.

ಆಗ ನನಗೆ ಪಂಡಿತಾ ರಮಾಬಾಯಿಯವರ ನೆನಪಾಯ್ತು. ಅವರ ತಂದೆ ನಮ್ಮ ಕಾರ್ಕಳ ಹತ್ರದ ಮಾಳದವರು, ರಮಾಬಾಯಿ 1858ರಲ್ಲಿ ಹುಟ್ಟಿದ್ದು ಅಲ್ಲೇ ಘಟ್ಟದ ಮೇಲೆ ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆ ತಾಯಿಯನ್ನು ಕಳ್ಕೊಂಡವರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ಶುರು ಮಾಡಿದ್ರು, ಮರು ವರ್ಷ 1890ಕ್ಕೆ ಪುಣೆಗೆ ಬಂತು. ಅದರ ಖರ್ಚಿಗೆ ಆದಾಯ ಬರ್ಲಿ ಅಂತ ಪುಣೆ ಹತ್ರ ಕೇಡಗಾಂವದಲ್ಲಿ ಜಾಗ ತೆಗೊಂಡು ಹಣ್ಣಿನ ಗಿಡ ಹಾಕಿದ್ರು. 1896-97ರಲ್ಲಿ ಬರಗಾಲ ಬಂತು, ಇವರು ಹೋಗಿ ನೂರಾರು ಹುಡುಗಿಯರನ್ನು ಕರ್ಕೊಂಡು ಬಂದ್ರು, ಅದೇ ಸಮಯಕ್ಕೆ ಪುಣೆಯಲ್ಲಿ ಪ್ಲೇಗ್, ಊರಲ್ಲಿ ಇಟ್ಕೊಳ್ಳುವ ಹಾಗಿಲ್ಲ. ಹಣ್ಣಿಗೆ ಅಂತ ತೆಗೊಂಡ ಜಾಗಕ್ಕೇ ಮಕ್ಕಳನ್ನು ಕರ್ಕೊಂಡು ಹೋದ್ರು, ಅದೇ ಮುಕ್ತಿ ಮಿಷನ್ ಆಯ್ತು, ಇವತ್ತಿಗೂ ಉಂಟು. ಜಾಗ ತೆಗೊಳ್ಳುವ ದಿನ ಅವರಿಗೆ ಗೊತ್ತಿದ್ದದ್ದು ಹಣ್ಣಿನ ಗಿಡದ ಲೆಕ್ಕ ಮಾತ್ರ. ಅವತ್ತು ಸರಿ ಅನಿಸಿದ್ದನ್ನು ಪ್ರಾರ್ಥನೆ ಮಾಡಿ ಮಾಡಿದ್ರು, ಅದು ಎಂತಕ್ಕೆ ಅಂತ ದೇವರಿಗೆ ಗೊತ್ತಿತ್ತು. ನಾನು ಇಂಗ್ಲೆಂಡಿಗೆ ಅಂತ ಓದಿದ್ದೂ ವ್ಯರ್ಥ ಅಲ್ಲ ಅಂತ ಈಗ ಹೇಳ್ತೇನೆ, ಹೋದ್ರೂ ಸರಿ, ಹೋಗದಿದ್ರೂ ಸರಿ.

ಹೋದ ವಾರ ಏಜೆನ್ಸಿಯಿಂದ ಪುನಃ ಫೋನ್ ಬಂತು, ಒಂದು ಕಡೆ ಜಾಗ ಉಂಟು, ಬೇಗ ಉತ್ತರ ಬೇಕು ಅಂತ. ಇಷ್ಟು ಸಮಯ ಕಾದದ್ದಕ್ಕೆ ಮನಸ್ಸು ಹಾರಿತು, ಸುಳ್ಳು ಹೇಳುದಿಲ್ಲ. ಇವರು ಅಂಗಡಿಯಿಂದ ಬರುವ ತನಕ ಕಾದೆ. ಇಬ್ಬರೂ ಕೂತೆವು, ಟೀಚರ್ ಹತ್ರ ಫೋನಲ್ಲಿ ಮಾತಾಡಿದೆವು, ಪಾಸ್ಟರ್ ಮನೆಗೆ ಬಂದ್ರು. ಅತ್ತೆ ಈಗ ಒಬ್ಬರೇ ನಡೆಯುದಿಲ್ಲ, ರಾತ್ರಿ ಎರಡು ಸಲ ಏಳ್ಬೇಕು. ಅತ್ತೆ ಅವತ್ತು ಹೇಳಿದ ಮಾತನ್ನು ನಾನು ಮರೆತಿಲ್ಲ, ಅವರನ್ನು ನೆಪ ಮಾಡ್ಲಿಲ್ಲ. ಇವರೇ ಮೊದಲು ಬಾಯಿ ಬಿಟ್ಟರು, "ನಾನು ಹೋಗು ಹೋಗು ಅಂತ ಇದ್ದದ್ದು ಸಾಲದ ಹೆದರಿಕೆಯಿಂದ, ಈಗ ಕೇಳಿದ್ರೆ ನನಗೆ ಅಷ್ಟು ಹೆದರಿಕೆ ಇಲ್ಲ." ನನಗೂ ಒಳಗೆ ಅದೇ ಇತ್ತು. ಪಾಸ್ಟರ್ ಹಿಂದೆ ಕೇಳಿದ ಪ್ರಶ್ನೆಗೆ ಅವತ್ತು ಉತ್ತರ ಹೇಳಿದೆ, ನನಗೆ ತೀತ ಈ ಮನೆಯವರು, ಇವರನ್ನು ಬಿಟ್ಟು ಆ ಬಾಗಿಲು ಹೊಕ್ಕಿದ್ರೆ ನನಗೆ ಸಮಾಧಾನ ಇರುದಿಲ್ಲ ಅಂತ. ಈ ಸಲ ಬೇಡ ಅಂತ ಮರುದಿನ ಏಜೆನ್ಸಿಗೆ ಮೇಲ್ ಹಾಕಿದೆವು. ಬೇರೆಯವರಿಗೆ ದೇವರು ಹೋಗು ಅಂತ ಹೇಳ್ಬಹುದು, ಹೇಳಿದ್ದಾನೆ ಕೂಡ, ನಮ್ಮ ಸಭೆಯಿಂದ ಹೋದವರಲ್ಲಿ ಅಲ್ಲಿ ದೇವರಿಗೆ ಸಾಕ್ಷಿಯಾಗಿ ಬದುಕುವವರು ಇದ್ದಾರೆ, ಅವರಿಗಾಗಿ ದಿನಾ ಪ್ರಾರ್ಥನೆ ಮಾಡ್ತೇವೆ.

ಮನೆ ಸಾಲ ಹಾಗೇ ಉಂಟು. ಈ ತಿಂಗಳ ಕಂತು ಕಟ್ಟಿದೆವು. ಬರುವ ಶನಿವಾರ ಹಾಲಲ್ಲಿ ನುಂಗುದ್ರ ಪಾಠ ಪುನಃ ಮಾಡ್ಲಿಕ್ಕುಂಟು, ಹೊಸಬರು ಬರ್ತಾರಂತೆ. ಒಇಟಿಯ ತಾರೀಕು ಇನ್ನು ಸ್ವಲ್ಪ ಸಮಯದಲ್ಲಿ ಮುಗೀತದೆ, ಪುನಃ ಬರೀಬೇಕಾ ಬೇಡ್ವಾ ಅಂತ ಅದು ಮುಗಿದ ಮೇಲೆ ದೇವರ ಹತ್ರ ಕೇಳ್ತೇನೆ, ಈಗ ಕೇಳ್ಲಿಕ್ಕೆ ಹೋಗುದಿಲ್ಲ.